ಕೂಲಿಂಗ್ ವೆಸ್ಟ್, ಬಿಸಿ ಗ್ಲೌಸ್: ಸೆಕೆ–ಚಳಿ ತಡೆಯದ ಮೈಗೆ ಯಾವುದು ಹೊಂದುತ್ತದೆ?

ಉಳಿದವರಿಗೆ ಹಿತವಾಗಿರುವ ಕೋಣೆಯಲ್ಲೇ ಕೆಲವರಿಗೆ ಸೆಕೆಯಿಂದ ಕಣ್ಣು ಮಂಜಾಗುತ್ತದೆ, ಕಾಲು ಸೋಲುತ್ತದೆ. ಇನ್ನು ಕೆಲವರು ಫ್ರಿಜ್ ಬಾಗಿಲು ತೆಗೆದರೆ ಸಾಕು, ಬೆರಳು ಸುಣ್ಣದಂತೆ ಬೆಳ್ಳಗಾಗಿ ಮರಗಟ್ಟುತ್ತದೆ. ಇಂಥವರಿಗೆಂದೇ ಮಾರುವ ಸಾಮಾನು ಬೇಕಾದಷ್ಟಿದೆ, ಕೊಟ್ಟ ದುಡ್ಡಿಗೆ ಮೋಸವಿಲ್ಲದ್ದು ಕಡಿಮೆ. ಪೆಟ್ಟಿಗೆಯ ಮೇಲೆ ಎಷ್ಟು ಡಿಗ್ರಿ ಎಂದು ಬರೆದಿದ್ದಾರೆ ಎನ್ನುವುದು ಮುಖ್ಯವಲ್ಲ. ಎಷ್ಟು ಶಾಖವನ್ನು ಎಷ್ಟು ಹೊತ್ತು ಹೀರುತ್ತದೆ, ಹೀರಿದ್ದು ಎಲ್ಲಿಗೆ ಹೋಗುತ್ತದೆ ಅಂತ ನೋಡಿ.

ಸುಮ್ಮನೆ ಕೂತ ವಯಸ್ಕರ ಮೈ ಸುಮಾರು 100 ವ್ಯಾಟ್ ಶಾಖ ಹೊರಹಾಕುತ್ತದೆ. ನಡೆದರೆ ಅದು ಎರಡು ಮೂರು ಪಟ್ಟಾಗುತ್ತದೆ. ಕತ್ತಿಗೆ ಹಾಕುವ ಎಲೆಕ್ಟ್ರಿಕ್ ಕೂಲರ್ ಈ ಲೆಕ್ಕದಲ್ಲೇ ಬಿದ್ದುಹೋಗುತ್ತದೆ. ಅದರೊಳಗಿನ ಪೆಲ್ಟಿಯರ್ ತಟ್ಟೆಯ ಒಂದು ಮಗ್ಗುಲು ತಣ್ಣಗಾದಷ್ಟೂ ಇನ್ನೊಂದು ಮಗ್ಗುಲು ಕಾಯುತ್ತದೆ. ಕತ್ತಿನಿಂದ ಎಳೆದ ಶಾಖದ ಜತೆಗೆ ಬ್ಯಾಟರಿಯ ಶಕ್ತಿಯೂ ಶಾಖವಾಗಿ ಆ ಕಡೆಯಿಂದಲೇ ಹೊರಬೀಳಬೇಕು. ಹತ್ತು ವ್ಯಾಟಿನ ಸಾಧನ ಮೈಯಿಂದ ತೆಗೆಯುವುದು ಕೆಲವೇ ವ್ಯಾಟ್. ಕತ್ತಿಗೆ ಹಾಯೆನಿಸುವುದು ನಿಜ, ಆದರೆ ಮೈಯ ಒಳಗಿನ ತಾಪ ಇಳಿಯುವುದಿಲ್ಲ. ತಂಪಾಯಿತೆಂದು ನಂಬಿ ಬಿಸಿಲಲ್ಲೇ ನಿಂತುಬಿಡುವುದೇ ಇದರ ಅಪಾಯ.

ನೀರಲ್ಲಿ ಅದ್ದಿ ಹಿಂಡಿ ಹಾಕುವ ವೆಸ್ಟ್ ಹಗುರ, ಅಗ್ಗ, ಒಣ ಹವೆಯಲ್ಲಿ ಬಲು ಚೆನ್ನು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2400 ಕಿಲೋಜೂಲ್ ಬೇಕು, ಮಂಜುಗಡ್ಡೆಗೂ ಈ ತಾಕತ್ತಿಲ್ಲ. ಆದರೆ ಎಲ್ಲವೂ ಹವೆಯ ಕೈಯಲ್ಲಿದೆ. 35 ಡಿಗ್ರಿ ಬಿಸಿಲಲ್ಲಿ ತೇವಾಂಶ ಶೇ. 30 ಇದ್ದರೆ ಒದ್ದೆ ಬಟ್ಟೆ ಸುಮಾರು 22 ಡಿಗ್ರಿಯವರೆಗೆ ಇಳಿಯಬಲ್ಲದು, ತೇವಾಂಶ ಶೇ. 80 ಆದರೆ 32ರ ಹತ್ತಿರವೇ ನಿಂತುಬಿಡುತ್ತದೆ. ಆಗ ಅದು ಮೈಗಂಟಿದ ಒದ್ದೆ ಅಂಗಿ, ಅಷ್ಟೆ. ಬರುವ ಬೆವರೂ ಆರುವುದಿಲ್ಲ. ಇದರ ಮೇಲೆ ಜಾಕೆಟ್ ಹಾಕಿಕೊಂಡರೂ ಅದೇ ಕಥೆ.

ಸೆಕೆಯಿಂದ ನಿಜಕ್ಕೂ ಕಷ್ಟಪಡುವವರು ನೋಡಬೇಕಾದದ್ದು ಪಿಸಿಎಂ (ಫೇಸ್ ಚೇಂಜ್ ಮಟೀರಿಯಲ್) ಪ್ಯಾಕ್ ಇರುವ ವೆಸ್ಟ್. ಪ್ಯಾಕಿನಲ್ಲಿರುವ ಮೇಣದಂಥ ವಸ್ತು ಅಥವಾ ಲವಣದ ಮಿಶ್ರಣ ಒಂದು ಗೊತ್ತಾದ ತಾಪದಲ್ಲಿ ಕರಗುತ್ತದೆ, ಕರಗಿ ಮುಗಿಯುವ ತನಕ ಹೆಚ್ಚುಕಮ್ಮಿ ಅದೇ ತಾಪದಲ್ಲಿರುತ್ತದೆ. 15, 18, 21, 28 ಡಿಗ್ರಿಯವು ಸಿಗುತ್ತವೆ. ಚರ್ಮದ ತಾಪ 33–34 ಡಿಗ್ರಿ ಇರುವುದರಿಂದ 28ರ ಪ್ಯಾಕ್ ನಿಧಾನಿ. ಸೆಕೆಯೂ ಆಗದು, ತಣ್ಣನೆಯದೂ ಆಗದು ಎನ್ನುವವರು 21ರದ್ದನ್ನು ಹಾಕಿ ನೋಡಬಹುದು. ಉಳಿದವರಿಗೆ 15–18.

‘ನಾಲ್ಕು ಗಂಟೆ ತಂಪು’ ಎಂಬ ಜಾಹೀರಾತಿಗೆ ಪ್ಯಾಕಿನ ತೂಕವೇ ಉತ್ತರ. ಈ ವಸ್ತು ಕಿಲೋಗೆ ಸುಮಾರು 200 ಕಿಲೋಜೂಲ್ ಹೀರುತ್ತದೆ. ಎರಡು ಕಿಲೋ ಎಂದರೆ 400. ಕೂತ ಮೈಯ ಶಾಖವನ್ನೆಲ್ಲ ಅದೇ ಹೊರಬೇಕಾದರೆ ಗಂಟೆಯ ಮೇಲೆ ಆರೇಳು ನಿಮಿಷಕ್ಕೆ ಮುಗಿಯಿತು. ಮೈ ತನ್ನ ಶಾಖವನ್ನೆಲ್ಲ ವೆಸ್ಟಿಗೇ ಕೊಡುವುದಿಲ್ಲವಾದ್ದರಿಂದ ಇನ್ನಷ್ಟು ಹೊತ್ತು ಬರುತ್ತದೆ. ಹೊರಗಿನ ಬಿಸಿಲೂ ಪ್ಯಾಕನ್ನು ಕರಗಿಸುವುದರಿಂದ ಅದರಲ್ಲಿ ಮತ್ತೆ ಕಡಿತ. ಹಾಗಾಗಿ ಹೊರಮೈಯಲ್ಲಿ ದಪ್ಪ ಅಸ್ತರಿ ಇರುವುದನ್ನೇ ಆರಿಸಿ. ಬಲೆಬಟ್ಟೆಯ ವೆಸ್ಟ್ ನೋಡಲು ಗಾಳಿಯಾಡುವಂತಿರುತ್ತದೆ, ಅರ್ಧ ತಂಪು ಬೀದಿಗೇ ಹೋಗುತ್ತದೆ.

ಪ್ಯಾಕ್‌ಗಳನ್ನು ಮಟ್ಟಸವಾಗಿ ಮಲಗಿಸಿಯೇ ಗಟ್ಟಿಮಾಡಬೇಕು. ನಿಲ್ಲಿಸಿಟ್ಟರೆ ವಸ್ತುವೆಲ್ಲ ಕೆಳಗೆ ಗಡ್ಡೆಯಾಗಿ ಕಟ್ಟಿ ಬೆನ್ನಿಗೆ ಒತ್ತುತ್ತದೆ. ಐಸ್ ನೀರಲ್ಲಿ ಬೇಗ, ಫ್ರಿಜ್ಜಿನಲ್ಲಿ ನಿಧಾನ. ನಡುವೆ ಒತ್ತಿ ನೋಡಿ: ಮೆತ್ತಗಿದ್ದರೆ ಒಳಗಿನ್ನೂ ದ್ರವವಿದೆ, ಅಷ್ಟು ಸಮಯ ಕೈತಪ್ಪಿದಂತೆ. ಅವಸರಕ್ಕೆ ಫ್ರೀಜರಿಗೆ ಹಾಕಿದರೆ 18ರ ಪ್ಯಾಕ್ ಹೊರಬರುವುದು ಸೊನ್ನೆಗಿಂತ ಎಷ್ಟೋ ಕೆಳಗೆ. ಆ ಚಳಿ ಇಳಿಯುವ ತನಕ ಮೈಗೆ ತಾಗಿಸಬೇಡಿ. ಒಳಗೆ ತೆಳು ಹತ್ತಿಯ ಬನಿಯನ್ ಇರಲಿ. ಪಕ್ಕದ ಪಟ್ಟಿಗಳನ್ನು ಬಿಗಿಯಾಗಿ ಎಳೆಯಿರಿ. ಪ್ಯಾಕಿಗೂ ಮೈಗೂ ನಡುವೆ ಬೆರಳು ಆಡುವಷ್ಟು ಸಂದಿದ್ದರೂ ಅಲ್ಲಿನ ಗಾಳಿ ಶಾಖಕ್ಕೆ ಅಡ್ಡ. ಹೊಲಿಗೆಯ ಉದ್ದಕ್ಕೆ ಎಣ್ಣೆ ಕಲೆ ಕಂಡರೆ ಪ್ಯಾಕ್ ಸೋರುತ್ತಿದೆ. ಮೇಣದ ಬಗೆಯದು ಹೊತ್ತಿಕೊಳ್ಳಬಲ್ಲದು, ಬೆಂಕಿಯ ಹತ್ತಿರ ಸುಳಿಯಬೇಡಿ.

ಮಂಜುಗಡ್ಡೆಯ ವೆಸ್ಟ್ ಕಿಲೋಗೆ 334 ಕಿಲೋಜೂಲ್ ಹೀರುತ್ತದೆ, ಅಂಕಿಯಲ್ಲಿ ಅದೇ ಮೇಲು. ಆದರೆ ಸೊನ್ನೆ ಡಿಗ್ರಿ ತಾಗಿದ ಕೂಡಲೇ ಚರ್ಮದ ರಕ್ತನಾಳ ಮುದುಡಿ ಒಳಗಿನ ಶಾಖ ಹೊರಬರುವ ದಾರಿಯೇ ಕಿರಿದಾಗುತ್ತದೆ. ತಣ್ಣನೆಯದು ಸೋಕಿದಲ್ಲೆಲ್ಲ ದದ್ದು ಏಳುವವರಿಗಂತೂ ಇದು ಬೇಡವೇ ಬೇಡ.

ಮಲ್ಟಿಪಲ್ ಸ್ಕ್ಲೆರೋಸಿಸ್ (ನರಗಳ ಕವಚ ಹಾಳಾಗುವ ಕಾಯಿಲೆ) ಇರುವವರಿಗೆ ಮೈ ಅರ್ಧ ಡಿಗ್ರಿ ಏರಿದರೂ ದೃಷ್ಟಿ ಮಸುಕಾಗಬಹುದು. ಕವಚ ಕಳಚಿದ ನರಗಳಲ್ಲಿ ಸಂಕೇತ ಶಾಖಕ್ಕೆ ತಡವರಿಸುವುದೇ ಕಾರಣ. ಜರ್ಮನಿಯ ಕಣ್ಣಿನ ವೈದ್ಯ ವಿಲ್ಹೆಲ್ಮ್ ಊಟ್‌ಹೋಫ್ ಮೈ ದಣಿದಾಗ ಹೀಗೆ ದೃಷ್ಟಿ ಮಸುಕಾಗುವುದನ್ನು 1890ರಲ್ಲೇ ವರ್ಣಿಸಿದ್ದರು. ಇವರು ವೆಸ್ಟನ್ನು ಸೆಕೆ ಹತ್ತಿದ ಮೇಲಲ್ಲ, ಹೊರಡುವ 20–30 ನಿಮಿಷ ಮುಂಚೆಯೇ ಹಾಕಿಕೊಳ್ಳಬೇಕು. ಆ ಹೊತ್ತಿಗೇ ಪ್ಯಾಕಿನ ಒಂದು ಪಾಲು ಕರಗಿರುತ್ತದೆ, ಆದ್ದರಿಂದ ಎರಡನೇ ಜೊತೆ ಪ್ಯಾಕ್ ಇಲ್ಲದೆ ಈ ಖರೀದಿಯೇ ಅರೆಬರೆ. ಎರಡು ಮೂರು ಕಿಲೋ ಭಾರ ಹೊರಲಾಗದಷ್ಟು ಸುಸ್ತಿದ್ದರೆ ಎದೆ, ಬೆನ್ನಿಗೆ ತಲಾ ಒಂದೇ ಪ್ಯಾಕ್ ಹಾಕಿ ಮತ್ತೆ ಮತ್ತೆ ಬದಲಿಸುವುದು ವಾಸಿ.

ಇನ್ನು ಚಳಿಯ ಕಡೆ. ಬ್ಯಾಟರಿ ಗ್ಲೌಸ್ ಕೊಳ್ಳುವಾಗ ಕಾಯುವ ತಂತಿ ಬೆರಳ ತುದಿಯ ತನಕ ಹೋಗಿದೆಯೇ ನೋಡಿ. ಮುಂಗೈಯನ್ನಷ್ಟೇ ಕಾಯಿಸುವ ಅಗ್ಗದವು ರೇನೋ ತೊಂದರೆಯವರಿಗೆ (ಚಳಿಗೆ ಬೆರಳ ರಕ್ತನಾಳ ಸೆಟೆದು ಬೆರಳು ಬೆಳ್ಳಗಾಗುವವರಿಗೆ) ಸಾಲವು, ನಾಳ ಸೆಟೆಯುವುದು ಬೆರಳಲ್ಲಿ. 7.4 ವೋಲ್ಟಿನ 2200 ಎಂಎಎಚ್ ಬ್ಯಾಟರಿ ಎಂದರೆ ಸುಮಾರು 16 ವ್ಯಾಟ್-ಅವರ್. ಕೈಯೊಂದಕ್ಕೆ 8 ವ್ಯಾಟ್ ಎಳೆದರೆ ಎರಡು ಗಂಟೆ, ಕೊರೆಯುವ ಚಳಿಯಲ್ಲಿ ಅದೂ ಇಲ್ಲ. ಕೈ ಬೆಚ್ಚಗಿರುವಾಗಲೇ ಹಾಕಿ, ಹೊರಗೆ ಕಾಲಿಡುವ ಮೊದಲು ಜೋರಾಗಿಟ್ಟು ಆಮೇಲೆ ಸಣ್ಣದು ಮಾಡಿ. ಎದೆ, ಹೊಟ್ಟೆ ತಣ್ಣಗಿದ್ದರೆ ಬೆರಳ ನಾಳ ಮುದುಡಿಯೇ ಇರುತ್ತದೆ, ಬೆಚ್ಚನೆಯ ಒಳ ಅಂಗಿ ಇಲ್ಲದೆ ಗ್ಲೌಸ್ ಒಂದೇ ಏನೂ ಮಾಡದು. ಮರಗಟ್ಟಿದ ಬೆರಳಿಗೆ ಜೋರು ಬಿಸಿ ಕೊಡಬೇಡಿ. 44 ಡಿಗ್ರಿಯೂ ಆರು ಗಂಟೆ ಒಂದೇ ಕಡೆ ತಾಗಿದರೆ ಚರ್ಮ ಸುಡುತ್ತದೆ. ಸ್ಪರ್ಶ ಕಳೆದುಕೊಂಡ ಸಕ್ಕರೆ ಕಾಯಿಲೆಯವರಿಗೆ ಅದು ಗೊತ್ತೂ ಆಗುವುದಿಲ್ಲ. ಒಗೆದ ಮೇಲೆ ಹಿಂಡಿದರೆ ತಂತಿ ಬೆರಳ ಬುಡದಲ್ಲಿ ಮುರಿಯುತ್ತದೆ.

ಬ್ಯಾಟರಿಯ ಗೊಡವೆ ಬೇಡವೆಂದರೆ ಕಬ್ಬಿಣದ ಪುಡಿಯ ಪೊಟ್ಟಣಗಳಿವೆ. ಗಾಳಿ ತಾಗಿ ಪುಡಿ ತುಕ್ಕು ಹಿಡಿಯುವಾಗ ಶಾಖ ಬರುತ್ತದೆ. ಕೈಗೆ ಮಾಡಿದ ಪೊಟ್ಟಣವನ್ನು ಬಿಗಿ ಬೂಟಿಗೆ ತುರುಕಿದರೆ ಗಾಳಿ ಸಾಲದೆ ಸತ್ತುಹೋಗುತ್ತದೆ, ಕಾಲಿಗೆಂದೇ ಮಾಡಿದ್ದು ಬೇರೆ ಸಿಗುತ್ತದೆ. ಅರ್ಧ ಬಳಸಿದ್ದನ್ನು ಗಾಳಿಯಾಡದ ಜಿಪ್ ಚೀಲದಲ್ಲಿ ಮುಚ್ಚಿಟ್ಟರೆ ತಣ್ಣಗಾಗುತ್ತದೆ. ಮರುದಿನ ತೆಗೆದು ಅಲುಗಾಡಿಸಿದರೆ ಉಳಿದ ಬಿಸಿ ಸಿಗುತ್ತದೆ.