ಕಾರವಾರದ ಮಳೆಗೆ ಯಾವ ಸ್ವಿಚ್? ಬ್ಲೂ, ರೆಡ್, ಬ್ರೌನ್ ಮತ್ತು ಬಾಕ್ಸ್ ಬ್ರೌನ್

ಮೊದಲೇ ಹೇಳಿಬಿಡುತ್ತೇನೆ, ಮೆಕ್ಯಾನಿಕಲ್ ಕೀಬೋರ್ಡಿನ ಪ್ರತಿ ಕೀಲಿಯ ಅಡಿಗೂ ಇರುವ ಸ್ವಿಚ್ ಯಾವುದಿರಬೇಕು ಅಂದರೆ, ನನ್ನ ಓಟು ಬಾಕ್ಸ್ ಬ್ರೌನ್‌ಗೆ. ಬೆಂಗಳೂರಿನಲ್ಲಿ ಕೂತಿದ್ದರೆ ಬೇರೆ ಹೆಸರು ಹೇಳುತ್ತಿದ್ದೆನೇನೋ. ಆದರೆ ನಾನಿರುವುದು ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಕಡೆ. ಇಲ್ಲಿ ಕಿಟಕಿಯ ಸರಳು, ಗೇಟಿನ ಚಿಲಕ, ಸೈಕಲ್ಲಿನ ಚೈನು ಯಾವುದೂ ತುಕ್ಕಿನಿಂದ ತಪ್ಪಿಸಿಕೊಂಡಿಲ್ಲ. ಕೀಬೋರ್ಡ್ ಒಂದಕ್ಕೆ ಮಾತ್ರ ಉಪ್ಪುಗಾಳಿ ರಿಯಾಯಿತಿ ಕೊಡುತ್ತದೆಯೇ?

ನನ್ನ ಕೆಲಸ ಕನ್ನಡ ಟೈಪಿಂಗ್ ಮತ್ತು ಪ್ರೂಫ್. ಸ್ಮರಣ ಸಂಚಿಕೆ, ಸೊಸೈಟಿಯ ವಾರ್ಷಿಕ ವರದಿ, ಯಾರದೋ ಆತ್ಮಕಥೆ, ಹೀಗೆ ಬಂದದ್ದೆಲ್ಲ. ಆಟ ಆಡುವವನಲ್ಲ. ಟೈಪಿಂಗ್ ಇನ್‌ಸ್ಟಿಟ್ಯೂಟಿನ ಹಳೇ ಯಂತ್ರದ ಮೇಲೆ ಜೂನಿಯರ್, ಸೀನಿಯರ್ ಮಾಡಿದ ಕೈ. ಹಾಗಾಗಿ ಬೆರಳು ಭಾರ. ಕೀಲಿಯನ್ನು ತಳ ಮುಟ್ಟುವವರೆಗೆ ಕುಟ್ಟಿದರೇ ಸಮಾಧಾನ. ಮುಂದೆ ಹೇಳುವುದೆಲ್ಲ ಇಂಥ ಕೈಯ ಮಾತು ಅಂತ ತಿಳಿದುಕೊಂಡು ಓದಿ.

ಬಣ್ಣಗಳ ಬಗ್ಗೆ ಎರಡೇ ಮಾತು. ರೆಡ್ ಅಂದರೆ ಮೇಲಿಂದ ಕೆಳಗೆ ನುಣ್ಣಗೆ ಇಳಿಯುವುದು. ಬ್ರೌನ್‌ನಲ್ಲಿ ನಡುವೆ ಒಂದು ಸಣ್ಣ ಉಬ್ಬು ಬೆರಳಿಗೆ ಸಿಗುತ್ತದೆ. ಬ್ಲೂನಲ್ಲಿ ಉಬ್ಬಿನ ಜೊತೆ ಟಕ್ ಅನ್ನುವ ಸದ್ದೂ ಇದೆ. ಈ ಪದ್ಧತಿ ಶುರುವಾದದ್ದು ಜರ್ಮನಿಯ ಚೆರಿ ಕಂಪನಿಯ ಎಂಎಕ್ಸ್ ಸ್ವಿಚ್‌ಗಳಿಂದ. ಅವರ ಪೇಟೆಂಟ್ ಅವಧಿ ಮುಗಿದ ಮೇಲೆ ಗ್ಯಾಟೆರಾನ್, ಕೈಲ್ ಮುಂತಾದ ಚೀನಾದ ಕಂಪನಿಗಳು ಅದೇ ಅಳತೆಯಲ್ಲಿ, ಹೆಚ್ಚುಕಡಿಮೆ ಅದೇ ಬಣ್ಣಗಳಲ್ಲಿ ಮಾಡತೊಡಗಿದವು. ಬೆಲೆ ಇಳಿಯಿತು. ನನ್ನಂಥವನ ಮೇಜಿಗೂ ಮೆಕ್ಯಾನಿಕಲ್ ಕೀಬೋರ್ಡ್ ಬಂತು.

ನಾನು ಕೊಂಡದ್ದು ಹಾಟ್‌ಸ್ವಾಪ್ ಬೋರ್ಡು. ಅಂದರೆ ಬೆಸುಗೆ ಬಿಚ್ಚುವ ರಗಳೆ ಇಲ್ಲ, ಸ್ವಿಚ್ ಕಿತ್ತು ಇನ್ನೊಂದು ಒತ್ತಿದರೆ ಆಯಿತು. ಅದರ ಜೊತೆ ಬ್ರೌನ್ ಬಂದಿತ್ತು. ರುಚಿ ನೋಡಲು ಬ್ಲೂ ಮತ್ತು ರೆಡ್ ಬೇರೆ ತರಿಸಿದೆ.

ಬ್ಲೂ ಹಾಕಿದ ಮೊದಲ ರಾತ್ರಿಯೇ ಪಕ್ಕದ ಕೋಣೆಯಿಂದ ಆಯಿ ಕೂಗಿದಳು. "ಎಂತದೋ ಅದು, ರಾತ್ರಿಯೆಲ್ಲ ಹಲ್ಲಿ ಲೊಚಗುಟ್ಟಿದ ಹಾಗೆ?" ಅವಳು ಫೋನಿನಲ್ಲಿ ಮಾತಾಡುವಾಗ ಹಲ್ಲಿ ಲೊಚಗುಟ್ಟಿದರೆ "ಸತ್ಯ, ಸತ್ಯ" ಅಂತ ನೆಲ ಕುಟ್ಟುವವಳು. ನಾನು ಟೈಪ್ ಮಾಡುತ್ತಾ ಕೂತರೆ ದಿನಕ್ಕೆಷ್ಟು ಸತ್ಯ ಆಗಬೇಕು, ಅಲ್ವಾ? ತಮಾಷೆ ಅಂದರೆ ಜೂನ್, ಜುಲೈಯಲ್ಲಿ ಬ್ಲೂನಿಂದ ಯಾರಿಗೂ ತೊಂದರೆ ಇಲ್ಲ. ಹಿತ್ತಿಲ ಕಡೆಯ ಶೀಟಿನ ಮೇಲೆ ಮಳೆ ಬೀಳುವಾಗ ನನಗೇ ಅದು ಕೇಳಿಸುವುದಿಲ್ಲ. ಉಳಿದ ತಿಂಗಳುಗಳಿಗೆ ಒಬ್ಬರೇ ಇರುವ ಮನೆ ಬೇಕು.

ರೆಡ್ ಬಗ್ಗೆ ದೂರಿಲ್ಲ, ಹೊಂದಿಕೆ ಇಲ್ಲ ಅಷ್ಟೇ. ಚೆರಿಯವರ ಲೆಕ್ಕದಲ್ಲಿ ರೆಡ್‌ಗೆ 45 ಸೆಂಟಿನ್ಯೂಟನ್ ಬಲ ಸಾಕು, ಬ್ರೌನ್‌ಗೆ 55 ಬೇಕು. ಕಾಗದದ ಮೇಲೆ ಸಣ್ಣ ವ್ಯತ್ಯಾಸ. ಆದರೆ ಯೋಚಿಸುತ್ತಾ ಬೆರಳನ್ನು ಸುಮ್ನೆ ಕೀಲಿಗಳ ಮೇಲೆ ಇಟ್ಟುಕೊಂಡು ಕೂರುವ ಅಭ್ಯಾಸ ನನ್ನದು. ರೆಡ್‌ನಲ್ಲಿ ಅಷ್ಟಕ್ಕೇ ವಾಕ್ಯದ ನಡುವೆ ಒಂದು ಕಾಗುಣಿತ ನುಸುಳಿಬಿಡುತ್ತದೆ. ಹಗುರ ಕೈಯವರಿಗೆ, ಆಟದವರಿಗೆ ಇದೇ ಸರಿ.

ಬ್ರೌನ್ ಹಾಗಲ್ಲ. ಬೆರಳು ಇಟ್ಟರೆ ತಡೆಯುತ್ತದೆ, ಒತ್ತಿದರೆ ಹೋಗುತ್ತದೆ, ಸದ್ದು ಹದ. ಬೇಸಿಗೆ ಪೂರ್ತಿ ಅದರ ಮೇಲೆ ಖುಷಿಯಿಂದ ಕೆಲಸ ಮಾಡಿದೆ. ಮಳೆಗಾಲ ಹಿಡಿದು ಕೆಲವು ವಾರ ಆದ ಮೇಲೆ ಅಕ್ಷರ ಎರಡೆರಡು ಬೀಳಲು ಶುರುವಾಯಿತು.

ಇಂಗ್ಲಿಷಿನಲ್ಲಿ ಇದು ಅಷ್ಟು ಕಾಡುವುದಿಲ್ಲ. ಅಕ್ಷರ ಎರಡು ಬಿದ್ದರೆ ಕೆಂಪು ಗೆರೆ ಬರುತ್ತದೆ, ಕಣ್ಣಿಗೂ ಹೊಡೆಯುತ್ತದೆ. ನಾನು ಬಳಸುವುದು ನುಡಿ ಕೀಲಿಮಣೆ, ಕೆ.ಪಿ. ರಾವ್ ಅವರ ವಿನ್ಯಾಸದ್ದು. ಅದರಲ್ಲಿ ಎನ್ ಒಂದು ಸಲ ಒತ್ತಿದರೆ ಪೂರ್ತಿ ನ. ಎರಡು ಸಲ ಬಿದ್ದರೆ ನನ. ಒತ್ತಕ್ಷರ ಬೇಕಾದರೆ ನಡುವೆ ಎಫ್ ಒತ್ತಬೇಕು. ಹಾಗಾಗಿ ಕೀಲಿ ಒಂದು ಸಲ ಜಾಸ್ತಿ ಬಿದ್ದರೆ ವಿಚಿತ್ರ ಅಕ್ಷರ ಬರುವುದಿಲ್ಲ, ಒಳ್ಳೇ ಕನ್ನಡವೇ ಬರುತ್ತದೆ. ಒಂದು ಸೊಸೈಟಿಯ ವರದಿಯಲ್ಲಿ "ಸಭೆಗೆ ಊರಿನ ಜನ ಬಂದಿದ್ದರು" ಅನ್ನುವುದು "ಊರಿನ ಜನನ ಬಂದಿದ್ದರು" ಆಯಿತು. ಇನ್ನೊಂದು ಕಡೆ "ಮನ ತುಂಬಿತು" ಹೋಗಿ "ಮನನ ತುಂಬಿತು". ಎರಡೂ ನಿಘಂಟಿನಲ್ಲಿ ಇರುವ ಪದಗಳೇ. ಯಾವ ಸ್ಪೆಲ್ ಚೆಕ್ಕೂ ತಡೆಯುವುದಿಲ್ಲ. ಪ್ರೂಫ್ ನೋಡುವವನ ಕೀಬೋರ್ಡೇ ತಪ್ಪು ಹುಟ್ಟಿಸತೊಡಗಿದರೆ ಹೊಟ್ಟೆಪಾಡಿನ ಗತಿ ಏನು?

ಯಾಕೆ ಹೀಗಾಗುತ್ತದೆ ಅಂತ ಒಂದು ಸ್ವಿಚ್ ಬಿಚ್ಚಿ ನೋಡಿದೆ. ಒಳಗೆ ಎರಡು ತೆಳ್ಳನೆಯ ಲೋಹದ ಎಲೆಗಳು. ಕೀಲಿ ಒತ್ತಿದಾಗ ಅವು ಒಂದಕ್ಕೊಂದು ತಾಗುತ್ತವೆ. ತಾಗಿದ ಕೂಡಲೇ ನಿಲ್ಲುವುದಿಲ್ಲ, ಕ್ಷಣ ಅದುರುತ್ತವೆ. ಹೊಸ ಸ್ವಿಚ್ ಆದರೂ ಅದುರುವುದೇ. ಅದಕ್ಕೇ ಕೀಬೋರ್ಡಿನೊಳಗಿನ ಚಿಪ್ ಒಂದಿಷ್ಟು ಕಾದು, ಅಷ್ಟರಲ್ಲಿ ಆದ ಅದುರಾಟವನ್ನೆಲ್ಲ ಒಂದೇ ಒತ್ತು ಅಂತ ಎಣಿಸುತ್ತದೆ. ಆ ಚಿಪ್ ನಡೆಸುವ ಕ್ಯೂಎಂಕೆ ಅನ್ನುವ ಫರ್ಮ್‌ವೇರ್‌ನಲ್ಲಿ ಈ ಕಾಯುವ ಹೊತ್ತು, ನಾವು ಬದಲಿಸದಿದ್ದರೆ, 5 ಮಿಲಿಸೆಕೆಂಡು. ಎಲೆಯ ತುದಿಗೆ ಕಿಲುಬು ಹಿಡಿದರೆ ಸಂಪರ್ಕ ಸಿಕ್ಕಿ, ತಪ್ಪಿ, ಮತ್ತೆ ಸಿಗುತ್ತದೆ. ಕಾಯುವ ಹೊತ್ತು ಮೀರಿತೋ, ಎರಡು ಒತ್ತು ಅಂತ ಲೆಕ್ಕ. ನಾನು ಬಿಚ್ಚಿದ ಸ್ವಿಚ್ಚಿನ ಎಲೆ ಮಾಸಿತ್ತು, ತುದಿಯಲ್ಲಿ ಸೂಜಿಮೊನೆಯಷ್ಟು ಹಸಿರು. ದುಬಾರಿ ಸ್ವಿಚ್‌ಗಳಲ್ಲಿ ಈ ತುದಿಗೆ ಚಿನ್ನ ಹಾಕಿರುತ್ತಾರೆ, ಅದಕ್ಕೆ ಕಿಲುಬು ಹಿಡಿಯುವುದಿಲ್ಲ.

ಮದ್ದುಗಳನ್ನೂ ನೋಡಿದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಕೆಲವು ದಿನ ಸರಿಯಾಗುತ್ತದೆ, ಮತ್ತೆ ಅದೇ ಹಾಡು. ಹೆಚ್ಚು ಬಳಸದ ಸ್ಕ್ರೋಲ್ ಲಾಕ್ ಕೀಲಿಯ ಸ್ವಿಚ್ ಕಿತ್ತು ಎನ್ ಜಾಗಕ್ಕೆ ಹಾಕಿದರೆ ಅದು ಒಂದಿಷ್ಟು ಬಾಳುತ್ತದೆ. ಹಾಟ್‌ಸ್ವಾಪ್‌ನ ನಿಜವಾದ ಲಾಭ ಇದು. ವಿಂಡೋಸ್‌ನಲ್ಲಿ ಫಿಲ್ಟರ್ ಕೀಸ್ ಅಂತ ಒಂದು ಸೌಲಭ್ಯ ಇದೆ, ಒಂದೇ ಕೀಲಿ ಬೇಗ ಬೇಗ ಎರಡು ಸಲ ಬಿದ್ದರೆ ಎರಡನೆಯದನ್ನು ನುಂಗಿಬಿಡುವಂತೆ ಅದರಲ್ಲಿ ಹೇಳಿಡಬಹುದು. ಹಾಕಿದೆ. ಜನನದ ಕಾಟ ತಪ್ಪಿತು. ಆದರೆ "ನನಗೆ" ಅಂತ ಹೊಡೆದಾಗಲೆಲ್ಲ "ನಗೆ" ಅಂತ ಬೀಳತೊಡಗಿತು. ಆತ್ಮಕಥೆ ಟೈಪ್ ಮಾಡುವವನ ಪಾಡು ಊಹಿಸಿ. ಪುಟ ಪುಟದಲ್ಲೂ ನಗೆ ತುಂಬಾ ಕಷ್ಟವಾಯಿತು, ನಗೆ ಮದುವೆಯಾಯಿತು.

ಇದು ಉಪ್ಪುಗಾಳಿಯದೇ ಕೆಲಸ ಅನ್ನುವ ಗುಮಾನಿ ಬಲವಾದದ್ದು ಶಿರಸಿಯಿಂದ. ಚಿಕ್ಕಪ್ಪನ ಮಗ ಅಲ್ಲೇ ಇರುವುದು. ನಾವಿಬ್ಬರೂ ಸೇರಿ ಒಂದೇ ಬಗೆಯ ಬೋರ್ಡು ತರಿಸಿದ್ದೆವು, ಅದೇ ಬ್ರೌನ್. ಮಳೆ ಅಲ್ಲೇನೂ ಕಡಿಮೆಯಿಲ್ಲ, ಗೋಡೆಗೆ ಬೂಸು ಹಿಡಿಯುವಷ್ಟು ಥಂಡಿ. ಆದರೆ ದೇವಿಮನೆ ಘಾಟಿ ಹತ್ತಿದ ಮೇಲೆ ಸಮುದ್ರದ ಉಪ್ಪು ಗಾಳಿಯಲ್ಲಿ ಎಷ್ಟು ಉಳಿದೀತು? ಅವನ ಬ್ರೌನ್‌ಗೆ ಈವರೆಗೆ ಏನೂ ಆಗಿಲ್ಲ. "ಅಣ್ಣ, ನೀನು ಕುಟ್ಟುವ ರೀತಿಗೆ ಹಾಳಾಗಿದ್ದು" ಅನ್ನುತ್ತಾನೆ. ಒಂದು ಮಳೆಗಾಲ ಇಲ್ಲಿ ಬಂದು ಇದ್ದು ನೋಡಲಿ.

ಇಷ್ಟಾದ ಮೇಲೆ ಬಾಕ್ಸ್ ಬ್ರೌನ್. ಕೈಲ್ ಕಂಪನಿಯದು. ಉಳಿದ ಸ್ವಿಚ್‌ಗಳಲ್ಲಿ ಕೀಕ್ಯಾಪ್, ಅಂದರೆ ಕೀಲಿಯ ಮೇಲಿನ ಟೊಪ್ಪಿ, ಕೂರುವ ಕೂಡುಗುರುತಿನ (+) ಆಕಾರದ ಕಾಂಡ ಬರೀ ನಿಂತಿರುತ್ತದೆ. ಇದರಲ್ಲಿ ಅದರ ಸುತ್ತ ಚೌಕಾಕಾರದ ಗೋಡೆ ಇದೆ. ಲೋಹದ ಸಂಪರ್ಕವೂ ಒಳಗೇ ಒಂದು ಪ್ರತ್ಯೇಕ ಗೂಡಿನಲ್ಲಿ ಮುಚ್ಚಿಕೊಂಡಿರುತ್ತದೆ. ದೂಳು, ನೀರು ತಡೆಯಲು ಕಂಪನಿ ಹೇಳುವ ದರ್ಜೆ ಐಪಿ56. ಇದು ಸ್ವಿಚ್ಚಿಗೆ ಮಾತ್ರ, ಬೋರ್ಡಿಗಲ್ಲ. ಕೆಳಗಿನ ಸಾಕೆಟ್ಟು, ಬೆಸುಗೆ ಎಲ್ಲ ಬಯಲಲ್ಲೇ ಇವೆ. ಬಾಕ್ಸ್ ಹಾಕಿದ್ದೇನೆ ಅಂತ ಚಹಾ ಚೆಲ್ಲಿದರೆ ಬೋರ್ಡು ಹೋಗುತ್ತದೆ. ಆದರೆ ನನಗೆ ಬೇಕಾದದ್ದು ಆ ಎರಡು ಎಲೆಗಳ ಮೇಲೆ ಉಪ್ಪು ಕೂರದಂತೆ ತಡೆಯುವುದು, ಅಷ್ಟನ್ನು ಇದು ಮಾಡುತ್ತದೆ. ಹಾಕಿದ ಮೇಲೆ ಮಳೆಗಾಲ ಕಳೆಯಿತು. ಜನ ಜನವಾಗಿಯೇ ಉಳಿದಿದ್ದಾರೆ.

ಬೆರಳಿಗೆ ಹೇಗಿದೆ ಅಂದರೆ, ಹಳೇ ಬ್ರೌನ್‌ಗಿಂತ ತುಸು ಒರಟು. ಆಳ 3.6 ಮಿಲಿಮೀಟರ್, ಮಾಮೂಲಿಯದು 4. ಕುಟ್ಟುವವನಿಗೆ ಬೇಗ ತಳ ಸಿಗುತ್ತದೆ, ನನಗದು ಇಷ್ಟ. ಕೀಕ್ಯಾಪ್ ಕಡಿಮೆ ಅಲುಗುತ್ತದೆ. ಮೊದಮೊದಲು ಬಂದ ಬಾಕ್ಸ್‌ಗಳ ಕಾಂಡ ದಪ್ಪವಾಗಿ ಕೆಲವು ಕೀಕ್ಯಾಪ್‌ಗಳು ಸೀಳುತ್ತಿದ್ದವು ಅಂತ 2018ರಲ್ಲಿ ದೊಡ್ಡ ಗಲಾಟೆ ಆಗಿತ್ತು. ಆಮೇಲೆ ಅಚ್ಚು ತಿದ್ದಿದರು. ಹಳೇ ಸ್ಟಾಕು, ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮಾತ್ರ ಇದನ್ನು ನೆನಪಿಟ್ಟುಕೊಳ್ಳಿ.

ಇನ್ನು ಯಾರೂ ಮೊದಲೇ ಹೇಳದ ಮಾತು. ಹಾಟ್‌ಸ್ವಾಪ್ ಅಂದರೆ ಎಲ್ಲ ಸ್ವಿಚ್ಚೂ ಕೂರುತ್ತದೆ ಅಂತಲ್ಲ. ಅಗ್ಗದ ಕೆಲವು ಬೋರ್ಡುಗಳ ಸಾಕೆಟ್ಟು ಒಂದೇ ಬಗೆಯ ತೆಳು ಪಿನ್ನಿಗೆ ಮಾಡಿದ್ದು. ನನ್ನದೂ ಅಂಥದ್ದೇ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಹಾಟ್‌ಸ್ವಾಪ್ ಅಂತ ಇತ್ತು, ಪಿನ್ನಿನ ಸುದ್ದಿ ಎಲ್ಲೂ ಇಲ್ಲ. ಬಾಕ್ಸ್‌ನ ಪಿನ್ನು ತುಸು ದಪ್ಪ. ಒತ್ತಿದರೆ ಮೇಲಿಂದ ಕೂತ ಹಾಗೇ ಕಾಣುತ್ತದೆ, ಕೀಲಿ ಮಾತ್ರ ಸತ್ತಿರುತ್ತದೆ. ಕಿತ್ತು ತಿರುಗಿಸಿದರೆ ಪಿನ್ನು ಮಡಚಿಕೊಂಡು ಸ್ವಿಚ್ಚಿನ ಅಡಿಗೆ ಅಂಟಿರುತ್ತದೆ. ಚಿಮಟದಿಂದ ನೆಟ್ಟಗೆ ಮಾಡಬಹುದು, ಆದರೆ ಮತ್ತೆ ಮಡಚಿದರೆ ಬುಡದಲ್ಲೇ ಮುರಿಯುವ ಸಂಭವ ಜಾಸ್ತಿ. ಹಟ ಹಿಡಿದು ಒತ್ತಿದರೆ ಸಾಕೆಟ್ಟೇ ಬೋರ್ಡಿನಿಂದ ಎದ್ದು ಬರುತ್ತದೆ. ಹಾಗಾಗಿ ಬೋರ್ಡನ್ನೇ ಬದಲಿಸಬೇಕಾಯಿತು. ಈ ಸಲ ಕೈಲ್ ಸಾಕೆಟ್ ಇದೆ ಅಂತ ಬರೆದೇ ಇದ್ದದ್ದನ್ನು ಹುಡುಕಿ ತಂದೆ. ಐದು ಕಾಲಿನ ಸ್ವಿಚ್ಚು ಮೂರು ತೂತಿನ ಬೋರ್ಡಿಗೆ ಕೂರದಿದ್ದರೆ ಅದು ದೊಡ್ಡ ವಿಷಯವಲ್ಲ, ಪಕ್ಕದ ಎರಡು ಪ್ಲಾಸ್ಟಿಕ್ ಕಾಲುಗಳನ್ನು ನೇಲ್ ಕಟರ್‌ನಲ್ಲಿ ಕತ್ತರಿಸಿ.

ದುಡ್ಡಿನ ಮಾತು. 87 ಕೀಲಿಗೂ ಬಾಕ್ಸ್ ಹಾಕುವುದು ನನ್ನ ಜೇಬಿಗೆ ಜಾಸ್ತಿ ಆಯಿತು, ಅಗತ್ಯವೂ ಇರಲಿಲ್ಲ. ಅಕ್ಷರದ ಮೂರು ಸಾಲು, ಅಂಕಿ, ಸ್ಪೇಸ್, ಎಂಟರ್, ಬ್ಯಾಕ್‌ಸ್ಪೇಸ್, ಇಷ್ಟಕ್ಕೆ ಹೊಸದು. ಮೇಲಿನ ಎಫ್1, ಎಫ್2 ಸಾಲಿಗೆಲ್ಲ ಹಳೇ ಬ್ರೌನ್. ತೆಳು ಪಿನ್ನು ಹೊಸ ಸಾಕೆಟ್ಟಿನಲ್ಲಿ ಕೊಂಚ ಸಡಿಲ, ಆದರೂ ನಡೆಯುತ್ತದೆ. ಎರಡೂ ಶಿಫ್ಟ್‌ಗೆ ರೆಡ್ ಹಾಕಿದ್ದೇನೆ. ಖ, ಣ, ಳ ಎಲ್ಲಕ್ಕೂ ಶಿಫ್ಟ್ ಬೇಕು, ಕಿರುಬೆರಳಿಗೆ ಅಲ್ಲಿ ಹಗುರ ಇದ್ದಷ್ಟೂ ಒಳ್ಳೆಯದು. ಶಿಫ್ಟ್ ಎರಡು ಸಲ ಬಿದ್ದರೂ ಅಕ್ಷರ ಎರಡಾಗುವುದಿಲ್ಲ, ಹಾಗಾಗಿ ಕಿಲುಬಿನ ಹೆದರಿಕೆಯೂ ಕಡಿಮೆ.

ಸ್ವಿಚ್ ನುಣ್ಣಗೆ ಇಳಿಯಲಿ ಅಂತ ಬಿಚ್ಚಿ ಒಳಗೆ ಗ್ರೀಸ್ ಹಚ್ಚುವ ಹುಚ್ಚು ನನಗೆ ಹತ್ತಲಿಲ್ಲ.

ಮ್ಯಾಗ್ನೆಟಿಕ್ ಸ್ವಿಚ್‌ನಲ್ಲಿ ಲೋಹ ಲೋಹಕ್ಕೆ ತಾಗುವುದೇ ಇಲ್ಲ, ಅಯಸ್ಕಾಂತ ಎಷ್ಟು ಹತ್ತಿರ ಬಂತು ಅಂತ ಸೆನ್ಸರ್ ಅಳೆಯುತ್ತದೆ. ಕರಾವಳಿಗೆ ತತ್ವದಲ್ಲಿ ಅದೇ ಸರಿ. ಆದರೆ ಬೆಲೆ ಆಟದವರ ಜೇಬು ನೋಡಿ ಇಟ್ಟದ್ದು, ಬ್ರೌನ್‌ನಂಥ ಉಬ್ಬೂ ಸಾಮಾನ್ಯವಾಗಿ ಅದರಲ್ಲಿ ಸಿಗುವುದಿಲ್ಲ. ಇನ್ನು ಝೆರಾಕ್ಸ್ ಅಂಗಡಿಗಳಲ್ಲಿರುವ ರಬ್ಬರ್ ಕೀಬೋರ್ಡ್. ಅದರ ಸಂಪರ್ಕ ಪ್ಲಾಸ್ಟಿಕ್ ಹಾಳೆಗಳ ನಡುವೆ ಇರುವುದರಿಂದ ಉಪ್ಪುಗಾಳಿ ಸುಲಭಕ್ಕೆ ಒಳಗೆ ಹೋಗುವುದಿಲ್ಲ. ದಿನಕ್ಕೆ ನಾಲ್ಕು ಪುಟ ಹೊಡೆಯುವವರು ಅದನ್ನೇ ಕೊಂಡು ಹಾಯಾಗಿರಿ.

ಉಳಿದ ರೆಡ್‌ಗಳು ಶಿರಸಿಗೆ ಹೋದವು, ತಮ್ಮ ಅವನ್ನು ಹಾಕಿಕೊಂಡು ರಾತ್ರಿ ಆಟ ಆಡುತ್ತಿದ್ದಾನೆ. ಬ್ಲೂ ಒಂದು ಡಬ್ಬ ಇನ್ನೂ ಇಲ್ಲೇ ಇದೆ. ತೆಳು ಪಿನ್ನಿನವು, ಬೋರ್ಡು ನೋಡಿಕೊಂಡು ಕೇಳಿ, ಅಂಚೆ ಖರ್ಚು ಕೊಟ್ಟರೆ ಕಳಿಸುತ್ತೇನೆ.