ಚೌತಿ ಮಂಟಪದ ಬಾಗಿಲನ್ನು ಟೈಮರ್ ನಂಬಿ ನಿಲ್ಲಿಸಬೇಡಿ

ಕಾರವಾರದ ಮನೆಯೊಂದರ ಚೌತಿ ಮಂಟಪದಲ್ಲಿ ಕಳೆದ ಸಲ ಆದದ್ದಿದು. ಗಣಪತಿಯ ಮುಂದಿನ ಥರ್ಮಾಕೋಲ್ ಬಾಗಿಲು ತೆರೆದು, ತುಸು ಹೊತ್ತು ನಿಂತು, ಮತ್ತೆ ಮುಚ್ಚಬೇಕು. 12 ವೋಲ್ಟಿನ ಗೇರ್ ಮೋಟರ್, ನೀಲಿ ರಿಲೇ (ಕರೆಂಟಿನಿಂದ ತಾನೇ ಕೂಡಿ ಬಿಡುವ ಸ್ವಿಚ್) ಇರುವ ಡಿಲೇ ಟೈಮರ್ ಬೋರ್ಡು, ಮನೆಯ ಕರೆಂಟನ್ನು 12 ವೋಲ್ಟ್ ಮಾಡಿ ಕೊಡುವ 10 ಆಂಪಿನ ಎಸ್‌ಎಂಪಿಎಸ್. ಬಾಗಿಲು ಎಲ್ಲಿ ನಿಲ್ಲಬೇಕೆಂಬುದನ್ನೂ ಟೈಮರಿಗೇ ಬಿಟ್ಟಿದ್ದರು.

ಮಳೆ ಹೊಯ್ಯುತ್ತಿದ್ದ ಸಂಜೆ ಕರೆಂಟ್ ನಾಲ್ಕೈದು ಸಲ ಹೋಗಿ ಬಂತು. ಬಂದಾಗಲೆಲ್ಲ ಟೈಮರ್ ಸೊನ್ನೆಯಿಂದ ಎಣಿಸಿತು; ಬಾಗಿಲು ಅರ್ಧ ತೆರೆದಿತ್ತೋ ಪೂರ್ತಿ ತೆರೆದಿತ್ತೋ ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಬಾಗಿಲು ಕೊನೆ ಮುಟ್ಟಿ ಮೋಟರ್ ಜಾಮ್ ಆಯಿತು. ಆಮೇಲೆ ಬೋರ್ಡಿನ ಎಲ್‌ಇಡಿ ಆರಿದರೂ ಮೋಟರ್ ಗುಂಯ್ ಅನ್ನುತ್ತಲೇ ಇತ್ತು. ಸುಟ್ಟ ವಾರ್ನಿಶ್ ವಾಸನೆ, ಹೊಗೆ, ಪಕ್ಕದಲ್ಲೇ ಥರ್ಮಾಕೋಲ್. ಪ್ಲಗ್ ಕಿತ್ತ ಮೇಲೇ ನಿಂತದ್ದು. ರಿಲೇ ಒಡೆದು ನೋಡಿದರೆ ಕಾಂಟ್ಯಾಕ್ಟುಗಳು (ಕೂಡಿ ಬಿಡುವ ಲೋಹದ ತುದಿಗಳು) ಕರಗಿ, ಸಾಸಿವೆಯಷ್ಟು ಕಪ್ಪು ಮಣಿಯಾಗಿ ಅಂಟಿಕೊಂಡಿದ್ದವು.

ಸಲೀಸಾಗಿ ತಿರುಗುವಾಗ 1 ಆಂಪ್ ಎಳೆಯುವ ಮೋಟರ್ ಜಾಮ್ ಆದರೆ 6–7 ಆಂಪ್ ಎಳೆಯಬಹುದು. ರಿಲೇ ಮೇಲೆ 10 ಆಂಪ್ ಎಂದು ಬರೆದಿರುವುದು ಬಲ್ಬು, ಹೀಟರಿನಂಥ ಲೋಡಿಗೆ. ಜಾಮ್ ಆದ ಮೋಟರಿನ ಮೇಲೆ ಮತ್ತೆ ಮತ್ತೆ ಕೂಡುವಾಗ ಕಾಂಟ್ಯಾಕ್ಟ್ ಪುಟಿಯುತ್ತದೆ, ಕಿಡಿ ಹಾರುತ್ತದೆ, ವೆಲ್ಡ್ ಆಗುತ್ತದೆ. 10 ಆಂಪಿನ ಎಸ್‌ಎಂಪಿಎಸ್‌ಗೆ 7 ಆಂಪ್ ಹೆಚ್ಚೆನಿಸುವುದೇ ಇಲ್ಲ, ಅದು ಕೊಡುತ್ತಲೇ ಇರುತ್ತದೆ. 2 ಆಂಪಿನ ಒಂದು ಫ್ಯೂಸ್ ಇದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ನಿಲ್ಲಿಸುವ ಕೆಲಸ, ಬಾಗಿಲು ತುದಿಗೆ ಬಂದು ಒತ್ತಿದಾಗ ಕರೆಂಟ್ ಕಡಿಯುವ ಲಿಮಿಟ್ ಸ್ವಿಚ್ಚಿನದು, ಟೈಮರಿನದು ಕಾಯುವ ಕೆಲಸ ಮಾತ್ರ. ಬಾಗಿಲು ಓಡಾಡುವ ದಾರಿಯ ಎರಡು ತುದಿಗೂ ಇದಕ್ಕಾಗಿ ಒಂದೊಂದು ಮೈಕ್ರೋ ಸ್ವಿಚ್ ಕೂರಿಸಿ, ಅದರ ಕಾಮನ್ ಮತ್ತು ಎನ್‌ಸಿ (ಒತ್ತದಿದ್ದಾಗ ಕಾಮನ್ ಜೊತೆ ಕೂಡಿರುವ) ಕಾಲುಗಳನ್ನು ಮೋಟರಿನ ವೈರಿಗೆ ಸೀರೀಸಿನಲ್ಲಿ ಕೊಡಿ. ಪ್ರತಿ ಸ್ವಿಚ್ಚಿಗೂ ಅಡ್ಡಲಾಗಿ 1ಎನ್5408 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಬೇಕು, ಇಲ್ಲದಿದ್ದರೆ ಒಮ್ಮೆ ತುದಿಗೆ ಹೋದ ಬಾಗಿಲು ವಾಪಸ್ ಬರುವುದಿಲ್ಲ. ಡಯೋಡಿನ ದಿಕ್ಕು ತಪ್ಪಿದರೆ ಸ್ವಿಚ್ ಒತ್ತಿದರೂ ಮೋಟರ್ ನಿಲ್ಲದು. ಬಾಗಿಲಿಗೆ ಜೋಡಿಸುವ ಮೊದಲೇ ಬೆರಳಿನಿಂದ ಸ್ವಿಚ್ ಒತ್ತಿ ನೋಡಿ. ದಿಕ್ಕು ಬದಲಿಸಲು ಎರಡು ರಿಲೇ ಸಾಕು: ಮೋಟರಿನ ಎರಡು ತುದಿ ಎರಡು ಕಾಮನ್‌ಗೆ, ಎನ್‌ಓ (ರಿಲೇ ಆನ್ ಆದಾಗ ಮಾತ್ರ ಕಾಮನ್ ಜೊತೆ ಕೂಡುವ ಕಾಲು) ಎರಡೂ ಪ್ಲಸ್‌ಗೆ, ಎನ್‌ಸಿ ಎರಡೂ ಮೈನಸ್‌ಗೆ. ತಪ್ಪಿ ಎರಡೂ ಒಟ್ಟಿಗೆ ಆನ್ ಆದರೂ ಶಾರ್ಟ್ ಆಗದು.

ನಮ್ಮ ಕರಾವಳಿಗೆ ಇನ್ನೊಂದು ತೊಂದರೆಯಿದೆ. ಸಮಯ ಎಣಿಸುವ 555 ಐಸಿಯಲ್ಲಿ 1 ಮೆಗಾಓಮ್ ರೆಸಿಸ್ಟರ್ ಮತ್ತು 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೂ 11 ಸೆಕೆಂಡ್, 100 ಕಿಲೋಓಮ್ ಮತ್ತು 100 ಮೈಕ್ರೋಫ್ಯಾರಡ್ ಹಾಕಿದರೂ 11 ಸೆಕೆಂಡ್. ಲೆಕ್ಕಕ್ಕೆ ಎರಡೂ ಒಂದೇ. ಆದರೆ ಭಾದ್ರಪದದ ಥಂಡಿಯಲ್ಲಿ ಬೋರ್ಡಿನ ಮೇಲೆ ಬೆಸುಗೆಯಿಂದ ಉಳಿದ ಫ್ಲಕ್ಸ್ (ಅಂಟು) ತೇವ ಹೀರಿ ಕರೆಂಟ್ ಸೋರಿದಾಗ, ಮೊದಲನೆಯದರ ಸಮಯ ದಿನಕ್ಕೊಂದಾಗುತ್ತದೆ. ಎರಡನೆಯದನ್ನೇ ಹಾಕಿ, ಬೆಸುಗೆಯಾದ ಮೇಲೆ ಐಪಿಎ (ಐಸೋಪ್ರೊಪೈಲ್ ಆಲ್ಕೋಹಾಲ್) ಹಚ್ಚಿ ಬ್ರಷ್ಷಿನಿಂದ ಉಜ್ಜಿ. ಬೋರ್ಡಿಲ್ಲದ ಬಿಡಿ ರಿಲೇ ಬಳಸುವುದಾದರೆ ಅದರೊಳಗಿನ ಕಾಯಿಲಿಗೆ (ತಂತಿಯ ಸುರುಳಿಗೆ) ಅಡ್ಡಲಾಗಿ 1ಎನ್4007 ಡಯೋಡ್ ಮರೆಯಬೇಡಿ, ಬೆಳ್ಳಿ ಪಟ್ಟಿ ಪ್ಲಸ್ ಕಡೆಗೆ.

ಗಣಪತಿ ಕೂರಿಸುವ ಮೊದಲು, ಬಾಗಿಲು ನಡುದಾರಿಯಲ್ಲಿದ್ದಾಗ ಪ್ಲಗ್ ಕಿತ್ತು ಮತ್ತೆ ಹಾಕಿ. ಹತ್ತು ಸಲ ಹೀಗೆ ಮಾಡಿ, ಪ್ರತಿ ಸಲವೂ ಮೋಟರ್ ಬಿಸಿಯಾಗಿದೆಯೇ ಎಂದು ಮುಟ್ಟಿ ನೋಡಿ.