ಹಿತ್ತಲ ಹೊಂಡಕ್ಕೆ 500 ಮೈಕ್ರಾನ್ ಶೀಟು: ಏಳು ಬೇಸಿಗೆ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಹೊಂಡದ ನೀರು ನೆಲಕ್ಕೆ ಇಂಗದ ಹಾಗೆ ಹಾಸುವ ಈ ಪ್ಲಾಸ್ಟಿಕ್ ಶೀಟು ಚೆನ್ನಾಗಿದೆ. ಆದರೆ ಅಂಗಡಿಯಲ್ಲಿ ಹೇಳುವ ಹಾಗೆ "ಒಂದ್ಸಲ ಹಾಕ್ಸಿ, ಮರ್ತುಬಿಡಿ" ಅನ್ನುವ ವಸ್ತುವಲ್ಲ. ಈ ಏಳು ಬೇಸಿಗೆಯಲ್ಲಿ ನಮ್ಮ ಹೊಂಡ ನಿಜವಾಗಿ ಸೋರಿದ್ದೂ ಉಂಟು, ಸೋರದೇ ನಮ್ಮನ್ನು ಹೆದರಿಸಿದ್ದೂ ಉಂಟು. ಎರಡನೆಯದೇ ಜಾಸ್ತಿ.

ನಮ್ಮದು ಸಾಗರ ತಾಲ್ಲೂಕು. ಮಳೆಗಾಲದಲ್ಲಿ ಎಲ್ಲಿ ನೋಡಿದರೂ ನೀರು, ಮಾರ್ಚ್ ಬಂತೆಂದರೆ ಅಡಿಕೆ ತೋಟಕ್ಕೆ ಬಿಡಲು ನೀರಿಲ್ಲ. ನೆಲ ಜಂಬಿಟ್ಟಿಗೆ, ಮೈತುಂಬ ತೂತು. ಬರಿ ಗುಂಡಿ ತೋಡಿ ನೀರು ನಿಲ್ಲಿಸುತ್ತೇನೆ ಅಂದರೆ ಆಗುವ ಮಾತಲ್ಲ. ಅದಕ್ಕೇ ಶೀಟು. ಮನೆ ಹಿಂದೆ, ಕೊಟ್ಟಿಗೆಗಿಂತ ಸ್ವಲ್ಪ ಮೇಲೆ ಹೊಂಡ ಇದೆ. 30 ಅಡಿ ಉದ್ದ, 20 ಅಡಿ ಅಗಲ, ನಡುವೆ 6 ಅಡಿ ಆಳ, ನಾಲ್ಕೂ ಕಡೆ ಇಳಿಜಾರು ದಂಡೆ. ತುಂಬಿದರೆ ಹತ್ತಿರ ಹತ್ತಿರ 60 ಸಾವಿರ ಲೀಟರ್. ಗುಡ್ಡದ ಅಬ್ಬಿ ನೀರು ರಾತ್ರಿಯಿಡೀ ಪೈಪಿನಲ್ಲಿ ಬಂದು ಬೀಳುತ್ತದೆ, ಬೆಳಿಗ್ಗೆ ಅದನ್ನೇ ಕೆಳಗಿನ ತೋಟಕ್ಕೆ ಬಿಡುತ್ತೇವೆ. 2014-15ರಲ್ಲಿ ಸರ್ಕಾರದ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ಬಯಲುಸೀಮೆಯಲ್ಲಿ ಇಂಥ ಶೀಟಿನ ಹೊಂಡ ಊರೂರಿಗೂ ಬಂತು. ನಮ್ಮದು ಸಬ್ಸಿಡಿಯದ್ದಲ್ಲ, ಕೈಯಿಂದ ಹಾಕಿದ್ದು. ಹಾಗಾಗಿ ಒಂದು ಹನಿ ಸೋರಿದರೂ ಹೊಟ್ಟೆ ಉರಿಯುತ್ತದೆ.

ನಾವು ಹಾಕಿಸಿದ್ದು ಒಂದೇ ಪದರದ ಕಪ್ಪು ಎಚ್‌ಡಿಪಿಇ (ಗಟ್ಟಿ ಬಗೆಯ ಪಾಲಿಥಿನ್) ಶೀಟು, ದಪ್ಪ 500 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್. ನೇಯ್ದ ಬಟ್ಟೆಯ ಎರಡೂ ಬದಿಗೆ ಪ್ಲಾಸ್ಟಿಕ್ ಲೇಪಿಸಿದ ಬಗೆಯೂ ಸಿಗುತ್ತದೆ, ಅದು ಹಗುರ, ಹಾಸುವುದು ಸುಲಭ. ಅದನ್ನು ತಗೊಳ್ಳುವವರು ಐಎಸ್ 15351 ಎಂಬ ಭಾರತೀಯ ಗುಣಮಟ್ಟದ ಗುರುತು ಇದೆಯೋ ನೋಡಿ ತಗೊಳ್ಳಿ. ಒಂದೇ ಪದರದ್ದಾದರೆ ತೂಕ ನೋಡಿದರೆ ಸಾಕು. ಒಂದು ಚದರ ಮೀಟರ್ ತುಂಡು ಸುಮಾರು 470 ಗ್ರಾಂ ತೂಗಬೇಕು. 350ರ ಆಸುಪಾಸು ಬಂತೆಂದರೆ ಅದು 500 ಮೈಕ್ರಾನ್ ಅಲ್ಲವೇ ಅಲ್ಲ, ಲೇಬಲ್ ಮೇಲೆ ಏನೇ ಬರೆದಿರಲಿ. ದಿನಸಿ ಅಂಗಡಿಯ ತಕ್ಕಡಿಯಲ್ಲೇ ಗೊತ್ತಾಗುತ್ತದೆ.

ಈಗ ಸೋರಿಕೆಯ ಕಥೆಗೆ ಬರೋಣ. ಬೇಸಿಗೆಯಲ್ಲಿ ನೀರು ಇಳಿಯಿತು ಅಂದ ಕೂಡಲೇ ಶೀಟು ತೂತಾಯಿತು ಅನ್ನಬೇಡಿ. ಬಿಸಿಲು, ಗಾಳಿ ಎರಡೂ ಜೋರಿದ್ದ ದಿನ ಅರ್ಧ ಸೆಂಟಿಮೀಟರ್ ನೀರು ಸುಮ್ನೆ ಆವಿಯಾಗಿ ಹೋಗುತ್ತದೆ. ಕೇಳಲು ಕಡಿಮೆ ಅನಿಸುತ್ತದೆ, ಅಲ್ವಾ? ನಮ್ಮ ಹೊಂಡದ ಅಳತೆಗೆ ಅದು ದಿನಕ್ಕೆ 280 ಲೀಟರ್ ಆಯಿತು. ಹಾಗಾದರೆ ಸೋರಿದ್ದೆಷ್ಟು, ಆರಿದ್ದೆಷ್ಟು ಅಂತ ತಿಳಿಯುವುದು ಹೇಗೆ? ಒಂದು ಬಕೆಟ್ ಸಾಕು. ತಳಕ್ಕೆ ಎರಡು ಕಲ್ಲು ಹಾಕಿ, ಹೊಂಡದ್ದೇ ನೀರು ತುಂಬಿ, ಮುಕ್ಕಾಲು ಭಾಗ ಹೊಂಡದಲ್ಲಿ ಮುಳುಗುವ ಹಾಗೆ ಹಗ್ಗದಲ್ಲಿ ಕಟ್ಟಿ ಬಿಡಿ. ಬಕೆಟ್ ಒಳಗಿನ ನೀರಿನ ಮಟ್ಟಕ್ಕೆ ಮಾರ್ಕರಿನಲ್ಲಿ ಒಂದು ಗೆರೆ. ಹೊಂಡದ ಮಟ್ಟಕ್ಕೆ ತಳದಲ್ಲಿ ನಿಲ್ಲಿಸಿದ ಪಿವಿಸಿ ಪೈಪಿನ ಮೇಲೆ ಇನ್ನೊಂದು ಗೆರೆ. ಬರುವ ನೀರು, ಹೋಗುವ ನೀರು ಎರಡೂ ಬಂದ್ ಮಾಡಿ. ಮರುದಿನ ಅದೇ ಹೊತ್ತಿಗೆ ನೋಡಿ. ಎರಡೂ ಒಂದೇ ಸಮ ಇಳಿದಿದ್ದರೆ ಅದು ಬಿಸಿಲಿನ ಪಾಲು. ಹೊಂಡ ಜಾಸ್ತಿ ಇಳಿದಿದ್ದರೆ ಆ ವ್ಯತ್ಯಾಸವೇ ಸೋರಿಕೆ. ಬಕೆಟನ್ನು ದಂಡೆ ಮೇಲೆ ಬಿಸಿಲಲ್ಲಿ ಇಟ್ಟರೆ ಲೆಕ್ಕ ತಪ್ಪುತ್ತದೆ. ಒಳಗಿನ ನೀರು ಬೇಗ ಕಾಯುತ್ತದೆ, ಬೇಗ ಆರುತ್ತದೆ.

ವ್ಯತ್ಯಾಸ ಕಂಡರೂ ಶೀಟಿನ ಮೇಲೆ ಕೈ ತೋರಿಸುವ ಮೊದಲು ಇನ್ನೆರಡು ಕಡೆ ನೋಡಬೇಕು. ಒಂದು, ಪಂಪಿನ ಪೈಪು. ಪೈಪಿನ ಒಂದು ಬಾಯಿ ಹೊಂಡದ ತಳದಲ್ಲಿ, ಇನ್ನೊಂದು ತುದಿ ಕೆಳಗಿನ ತೋಟದಲ್ಲಿ. ಪಂಪ್ ಆಫ್ ಮಾಡಿದರೂ ಸೈಫನ್ ಆಗಿ ನೀರು ಇಳಿಯುತ್ತಲೇ ಇರುತ್ತದೆ. ಅದೂ ತೋಟದ ಯಾವುದೋ ತುದಿಯ ಸ್ಪ್ರಿಂಕ್ಲರ್ ಜೆಟ್‌ನಲ್ಲಿ ಸಣ್ಣಗೆ. ಯಾರ ಕಣ್ಣಿಗೂ ಬೀಳುವುದಿಲ್ಲ, ಅಲ್ಲಿನ ನಾಲ್ಕು ಅಡಿಕೆ ಮರ ಮಾತ್ರ ಮೇ ತಿಂಗಳಲ್ಲೂ ಹಸಿರಾಗಿ ಖುಷಿಯಾಗಿರುತ್ತವೆ. ಪಂಪಿನ ಹತ್ತಿರ ಗೇಟ್ ವಾಲ್ವ್ ಹಾಕಿಸಿ ದಿನಾ ಮುಚ್ಚುವುದು ರೂಢಿಯಾದ ಮೇಲೆ ನಮ್ಮಲ್ಲಿ ಆ ತಕರಾರು ನಿಂತಿತು. ಎರಡನೆಯದು ಗೋಣಿಚೀಲ. ದಂಡೆಯ ಶೀಟಿಗೆ ಬಿಸಿಲು ತಾಗದಿರಲಿ ಅಂತ ಗೋಣಿ ಹಾಸುತ್ತೇವಲ್ಲ, ಅದರ ಒಂದು ತುದಿ ನೀರಿಗೆ, ಇನ್ನೊಂದು ತುದಿ ಆಚೆಯ ಮಣ್ಣಿಗೆ ತಾಗಿದರೆ ಮುಗಿಯಿತು, ಬತ್ತಿ ಎಣ್ಣೆ ಎಳೆದ ಹಾಗೆ ಹಗಲೂ ರಾತ್ರಿ ಎಳೆಯುತ್ತದೆ. ಅಂಚಿನಲ್ಲಿ ಬೆಳೆದು ನೀರಿಗೆ ಬೇರು ಬಿಟ್ಟ ಹುಲ್ಲೂ ಇದೇ ಕೆಲಸ ಮಾಡುತ್ತದೆ.

ಇದೆಲ್ಲ ಸರಿ ಇದ್ದೂ ನೀರು ಇಳಿದರೆ ಆಗ ತೂತು ಹುಡುಕಬೇಕು. ಹುಡುಕುವ ಕೆಲಸದಲ್ಲಿ ಅರ್ಧದಷ್ಟನ್ನು ನೀರೇ ಮಾಡಿಕೊಡುತ್ತದೆ. ಅಬ್ಬಿ ಪೈಪನ್ನು ಬೇರೆ ಕಡೆ ತಿರುಗಿಸಿ, ಹೊಂಡವನ್ನು ಅದರ ಪಾಡಿಗೆ ಬಿಡಿ. ನೀರು ಇಳಿಯುತ್ತಾ ಬಂದು ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಆಮೇಲೆ ಆವಿಯ ಲೆಕ್ಕದಷ್ಟೇ ಇಳಿಯುತ್ತದೆ. ತೂತು ಇರುವುದು ಆ ಮಟ್ಟದ ಗೆರೆಯಲ್ಲಿ, ಇಲ್ಲವೇ ಅದಕ್ಕಿಂತ ಕೂದಲೆಳೆ ಮೇಲೆ. ಇಡೀ ಹೊಂಡ ಹುಡುಕುವ ಬದಲು ಸುತ್ತಲಿನ ಒಂದು ಪಟ್ಟಿ ಹುಡುಕಿದರೆ ಆಯಿತು. ನಮ್ಮದು ಅಂಚಿನಿಂದ ಎರಡಡಿ ಕೆಳಗೆ ನಿಂತಿತು.

ಆ ಪಟ್ಟಿಯಲ್ಲಿ ತೂತು ಎಲ್ಲಿ ಅಂತ ತೋರಿಸಿದ್ದು ಹಾಲು. ಸೂಜಿ ತೆಗೆದ ಸಿರಿಂಜಿನಲ್ಲಿ ಸ್ವಲ್ಪ ಹಾಲು ಹಿಡಿದು, ಗಾಳಿ ಏಳುವ ಮೊದಲೇ, ಬೆಳಗಿನ ಜಾವ ಹೋಗಬೇಕು. ನೀರು ಅಲುಗಾಡಬಾರದು. ಅನುಮಾನ ಇರುವ ಜಾಗದ ಹತ್ತಿರ ಶೀಟಿಗೆ ಒತ್ತಿ ಹಿಡಿದು ಒಂದೊಂದೇ ಹನಿ ಬಿಡುತ್ತಾ ಹೋದೆವು. ಸುಮಾರು ಕಡೆ ಹಾಲು ಅಲ್ಲೇ ಹರಡಿ, ನಿಧಾನ ಕೆಳಗಿಳಿದು ಕಾಣದಾಯಿತು. ಕೊಟ್ಟಿಗೆ ಕಡೆಯ ಮೂಲೆಗೆ ಬಂದಾಗ ಮಾತ್ರ ಬಿಳಿ ಎಳೆಯೊಂದು ಸರಕ್ಕನೆ ಅಡ್ಡಕ್ಕೆ ತಿರುಗಿ, ಶೀಟಿನ ಮಡಿಕೆಯೊಳಗೆ ಹೋಗಿ ಮಾಯವಾಯಿತು. ಬೆರಳಿಟ್ಟು ಮಡಿಕೆ ಬಿಡಿಸಿದರೆ ಹೆಬ್ಬೆರಳ ಉಗುರಿನಷ್ಟು ಉದ್ದದ ಸೀಳು. ಶೀಟನ್ನು ಮೂಲೆಯಲ್ಲಿ ಮಡಿಸಿ ಕೂರಿಸಿದ್ದರು, ಆ ಮಡಿಕೆಯ ಏಣು ಬಿಸಿಲಿಗೆ ಕಾದು, ರಾತ್ರಿ ತಣಿದು ಕೊನೆಗೆ ಬಿರಿದಿತ್ತು.

ಈ ಕಪ್ಪು ಶೀಟು ಬಿಸಿಲಿಗೆ ಹಿಗ್ಗುವುದು ಸ್ವಲ್ಪವಲ್ಲ. ಹತ್ತು ಮೀಟರ್ ಉದ್ದದ ಶೀಟು 30 ಡಿಗ್ರಿ ಏರುಪೇರಿಗೆ ಐದಾರು ಸೆಂಟಿಮೀಟರ್ ಉದ್ದವಾಗುತ್ತದೆ, ಮತ್ತೆ ಕುಗ್ಗುತ್ತದೆ. ಅದಕ್ಕೇ ಮಧ್ಯಾಹ್ನ ಎಳೆದು ಬಿಗಿಮಾಡಿ ಹೂಳಬಾರದು. ಬೆಳಿಗ್ಗೆ ಸ್ವಲ್ಪ ಸಡಿಲ ಬಿಟ್ಟು ಹಾಸಿ, ಒಂದಷ್ಟು ನೀರು ತುಂಬಿಸಿ ಅದು ಕೂತ ಮೇಲೆ ಶೀಟಿನ ತುದಿ ಹೂಳುವ ಅಂಚಿನ ಕಾಲುವೆಗೆ ಮಣ್ಣು ಹಾಕಬೇಕು. ಹಾಗಂತ ಅತಿ ಸಡಿಲವೂ ಬೇಡ, ಎಲ್ಲ ಮಡಿಕೆಯಾಗುತ್ತದೆ. ಎಷ್ಟು ಶೀಟು ಬೇಕೆಂದು ಅಂಗಡಿಯವರ ಸೂತ್ರ ಹಿಡಿಯಬೇಡಿ. ಈ ದಂಡೆಯಿಂದ ಇಳಿದು, ತಳ ಹಾದು, ಆ ದಂಡೆ ಹತ್ತುವವರೆಗೆ ಹಗ್ಗ ಹಿಡಿದು ಅಳೆಯಿರಿ, ಎರಡೂ ಕಡೆಗೆ ಮೂರು ಮೂರು ಅಡಿ ಸೇರಿಸಿ.

ತಳದಲ್ಲಿ ತೂತಾದರೆ ಕಷ್ಟ. ನೀರು ಎಲ್ಲೂ ನಿಲ್ಲುವುದಿಲ್ಲ, ಪೂರ್ತಿ ಖಾಲಿ. ಒಂದು ವರ್ಷ ಹೆಗ್ಗಣ ಕೆಳಗಿನಿಂದ ಕೊರೆದಿತ್ತು. ಕೆಸರು ತೊಳೆದು, ಬರಿಗಾಲಲ್ಲಿ ಮೆಲ್ಲಗೆ ತುಳಿಯುತ್ತಾ ಹೋದರೆ ಒಂದು ಕಡೆ ಶೀಟಿನ ಅಡಿಯಿಂದ ಕೆಂಪು ನೀರು ಪುಸಕ್ಕನೆ ಮೇಲೆ ಚಿಮ್ಮಿತು. ಜಂಬೆ ಮಣ್ಣಿನ ಬಣ್ಣ ಆ ದಿನ ಉಪಕಾರಕ್ಕೆ ಬಂತು.

ರಿಪೇರಿ ವಿಷಯದಲ್ಲಿ ಊರಿನವರೆಲ್ಲ ಒಂದೊಂದು ಮದ್ದು ಹೇಳುತ್ತಾರೆ. ಎಚ್‌ಡಿಪಿಇಗೆ ಅಂಟು ಹಿಡಿಯುವುದಿಲ್ಲ, ಅದರ ಗುಣವೇ ಹಾಗೆ. ಪಿವಿಸಿ ಪೈಪಿಗೆ ಹಚ್ಚುವ ಸೊಲ್ಯೂಷನ್ ಸಿಪ್ಪೆಯ ಹಾಗೆ ಏಳುತ್ತದೆ. ಸೈಕಲ್ ಪಂಕ್ಚರಿನ ಪ್ಯಾಚೂ ಅಷ್ಟೇ. ಎಪಾಕ್ಸಿ ಗಟ್ಟಿಯಾಗಿ ನಿಂತ ಹಾಗೆ ಕಾಣುತ್ತದೆ, ಶೀಟು ಬಾಗಿದ ಕೂಡಲೇ ಬಿಲ್ಲೆಯಾಗಿ ಉದುರುತ್ತದೆ. ಬ್ಯುಟೈಲ್ ಟೇಪ್ ಪರವಾಗಿಲ್ಲ. ಒರೆಸಿ, ಒಣಗಿಸಿ, ಒತ್ತಿ ಹಚ್ಚಿದರೆ ಆ ಬೇಸಿಗೆ ದಾಟುತ್ತದೆ. ಉಳಿಯುವುದು ಬಿಸಿಗಾಳಿಯ ವೆಲ್ಡಿಂಗ್ ಒಂದೇ.

ವೆಲ್ಡಿಂಗ್‌ಗೆ ಬಂದ ಹುಡುಗ ಕೆಲಸ ಬಲ್ಲವನು. ಬಂದವನೇ ಕೇಳಿದ್ದು, "ಅಣ್ಣಾ, ಹಳೇ ಶೀಟಿನ ತುಂಡು ಇಟ್ಟಿದೀರಾ?" ಅದೃಷ್ಟಕ್ಕೆ ಹಾಸುವಾಗ ಉಳಿದ ತುಂಡು ಅಟ್ಟದಲ್ಲಿತ್ತು. ತೇಪೆಗೆ ಅದೇ ಜಾತಿಯ ಶೀಟೇ ಆಗಬೇಕು. ತೂತಿನ ಸುತ್ತ ನಾಲ್ಕು ಬೆರಳು ಜಾಸ್ತಿ ಬರುವಂತೆ, ಮೂಲೆಗಳನ್ನು ಗುಂಡಗೆ ಕತ್ತರಿಸಿದ. ಚೂಪು ಮೂಲೆ ಇದ್ದರೆ ಅಲ್ಲಿಂದಲೇ ಏಳುತ್ತದಂತೆ. ಪಾಚಿ ತೊಳೆದು, ಒರೆಸಿ, ಉಪ್ಪುಕಾಗದದಲ್ಲಿ ಸ್ವಲ್ಪ ಉಜ್ಜಿ, ಆಮೇಲೆ ಎರಡು ಶೀಟಿನ ನಡುವೆ ಚಪ್ಪಟೆ ಮೂತಿಯ ಬಿಸಿಗಾಳಿ ಗನ್ ತೂರಿಸಿ, ಹಿಂದಿನಿಂದಲೇ ಸಣ್ಣ ರಬ್ಬರ್ ರೋಲರ್ ಒತ್ತುತ್ತಾ ಸುತ್ತಲೂ ಬಂದ. ತಣಿದ ಮೇಲೆ ಮೊಂಡು ಸ್ಕ್ರೂಡ್ರೈವರ್ ತಗೊಂಡು ಅಂಚಿನುದ್ದಕ್ಕೂ ಕೆದಕಿ ನೋಡಿದ. ಒಂದು ಕಡೆ ತುದಿ ಒಳಗೆ ಹೋಯಿತು, ಅಲ್ಲಿ ಮತ್ತೆ ಕಾಯಿಸಿದ. ಈ ಕೆದಕುವ ಕೆಲಸ ಮಾಡದೆ ಹೊರಡುವವರಿಗೆ ದುಡ್ಡು ಕೊಡಬೇಡಿ. ಆ ತೇಪೆ ಇವತ್ತಿಗೂ ಗಟ್ಟಿ ಇದೆ.

ತೊಂದರೆ ಏನೆಂದರೆ ತೇಪೆಗಿಂತ ಅವನನ್ನು ಕರೆಸುವ ಖರ್ಚೇ ಜಾಸ್ತಿ. ಮಿಷನ್ ಹೊತ್ತು ಅಷ್ಟು ದೂರದಿಂದ ಬರಬೇಕಲ್ಲ. ಅಕ್ಕಪಕ್ಕದ ಹೊಂಡದವರನ್ನು ಸೇರಿಸಿಕೊಂಡು ಒಂದೇ ದಿನ ಕರೆಸಿದರೆ ಎಲ್ಲರಿಗೂ ಹಗುರ. ಮಳೆಗಾಲದಲ್ಲಂತೂ ಕರೆಸಿ ಪ್ರಯೋಜನವಿಲ್ಲ, ಒದ್ದೆ ಶೀಟಿಗೆ ವೆಲ್ಡಿಂಗ್ ಕೂರುವುದಿಲ್ಲ. ಗ್ಯಾರಂಟಿ ಕಾರ್ಡು ತೋರಿಸಿದರೆ ನಮಗೆ ಶೀಟು ಮಾರಿದ ಅಂಗಡಿಯವರು ಸಣ್ಣ ಅಕ್ಷರ ತೋರಿಸಿದರು. ತಯಾರಿಕೆಯ ದೋಷಕ್ಕೆ ಮಾತ್ರ ಗ್ಯಾರಂಟಿ. ಇಲಿ, ಹೆಗ್ಗಣ, ಹಾಸುವಾಗಿನ ಮಡಿಕೆ ಇದ್ಯಾವುದೂ ಅದರಲ್ಲಿ ಬರುವುದಿಲ್ಲ. ಈ ಏಳು ವರ್ಷದಲ್ಲಿ ನಮಗಾದ ತೊಂದರೆ ಎಲ್ಲ ಅವೇ. ಹಾಗಾಗಿ ಆ ಕಾರ್ಡಿನಿಂದ ಮೂರು ಕಾಸಿನ ಉಪಯೋಗವಾಗಲಿಲ್ಲ. ಹೊಸದಾಗಿ ಕೊಳ್ಳುವವರು ಗ್ಯಾರಂಟಿ ಎಷ್ಟು ವರ್ಷ ಅಂತ ಕೇಳುವುದಕ್ಕಿಂತ, ತೂತಾದರೆ ವೆಲ್ಡಿಂಗ್‌ಗೆ ಯಾರು ಬರುತ್ತಾರೆ, ಎಷ್ಟು ತಗೊಳ್ಳುತ್ತಾರೆ ಅಂತ ಕೇಳಿ.

ಶೀಟಿನ ಮೈ ಬಗ್ಗೆ ಹೇಳುವುದಾದರೆ, ನೀರಿನ ಒಳಗಿರುವ ಭಾಗ ಹೊಸದರ ಹಾಗೇ ಇದೆ. ಬಿಸಿಲಿಗೆ ಬಿದ್ದ ಅಂಚು ಸ್ವಲ್ಪ ಬಿರುಸಾಗಿದೆ. ತೋಟದ ಪಕ್ಕದ ಹೊಂಡವಾದ್ದರಿಂದ ಸೋಗೆ ಬೀಳುತ್ತಲೇ ಇರುತ್ತದೆ, ಅಡಿಕೆ ಸೋಗೆಗೆ ಈ ಶೀಟು ಜಗ್ಗಿಲ್ಲ. ತೆಂಗಿನ ಹೆಡೆಮಟ್ಟೆ ಬುಡ ಮುಂದಾಗಿ ಬಿದ್ದರೆ ಹೇಳಲಾಗದು. ಸೊಳ್ಳೆಗೆ ಗಪ್ಪಿ ಮೀನು ಬಿಟ್ಟಿದ್ದೇವೆ, ಆರೋಗ್ಯ ಇಲಾಖೆಯವರೂ ಅದನ್ನೇ ಹೇಳುತ್ತಾರೆ. ಹೊಂಡ ಖಾಲಿ ಮಾಡುವಾಗ ಅವನ್ನು ಡ್ರಮ್ಮಿಗೆ ಹಾಕಿಡುವುದು ಮಕ್ಕಳ ಕೆಲಸ.

ಮಕ್ಕಳು ಅಂದಾಗ ನೆನಪಾಯಿತು, ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕಿತ್ತು. ಈ ಶೀಟು ಪಾಚಿ ಕಟ್ಟಿದರೆ ಭಯಂಕರ ಜಾರುತ್ತದೆ. ಈಜು ಬರುವ ದೊಡ್ಡವರೂ ಬಿದ್ದರೆ ದಂಡೆ ಹತ್ತಲಾರರು. ಕೃಷಿ ಹೊಂಡಕ್ಕೆ ಬಿದ್ದು ಮಕ್ಕಳು ಸತ್ತ ಸುದ್ದಿ ಬೇಸಿಗೆ ರಜೆಯಲ್ಲಿ ಬರುತ್ತಲೇ ಇರುತ್ತದೆ. ಸುತ್ತ ಬೇಲಿ, ಗೇಟಿಗೆ ಬೀಗ, ಗಂಟು ಹಾಕಿದ ದಪ್ಪ ಹಗ್ಗ ನಾಲ್ಕೂ ದಂಡೆಯಿಂದ ನೀರಿನೊಳಗೆ ಇಳಿಬಿಟ್ಟಿರಬೇಕು. ಸೋರಿಕೆ ಹುಡುಕಲು ಇಳಿಯುವಾಗಲೂ ದಂಡೆಯಲ್ಲಿ ಇನ್ನೊಬ್ಬರು ಇರಲೇಬೇಕು.

ಮತ್ತೆ ಇದನ್ನೇ ಹಾಕಿಸುತ್ತೀರಾ ಅಂದರೆ, ಹೌದು. ಇಷ್ಟು ನೀರಿಗೆ ಸಿಮೆಂಟ್ ಟ್ಯಾಂಕ್ ಕಟ್ಟಿಸುವ ದುಡ್ಡು ನಮ್ಮ ಹತ್ತಿರ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆದರೆ ಶೀಟಿನ ಕೆಳಗೆ ಎರಡಿಂಚು ದಪ್ಪ ಜರಡಿ ಹಿಡಿದ ಮಣ್ಣು ಹಾಕಿಸದೆ ಹಾಸಲು ಬಿಡುವುದಿಲ್ಲ, ಶೀಟಿಗೆ ತೂತು ಕೊರೆದು ಪೈಪ್ ಕೂರಿಸಲು ಯಾರು ಬಂದರೂ ಬಿಡುವುದಿಲ್ಲ. ಪೈಪು ದಂಡೆ ಮೇಲಿಂದಲೇ ಇಳಿಯಲಿ.

ಎಲ್ಲರ ಜಾಗಕ್ಕೂ ಇದು ಹೊಂದುತ್ತದೆ ಅಂತಲ್ಲ. ಬಿದಿರು ಮೆಳೆಯ ಪಕ್ಕ ಬೇಡವೇ ಬೇಡ, ಅದರ ಮೊಳಕೆ ಶೀಟನ್ನೂ ತೂರಿ ಬರುತ್ತದೆ. ತಗ್ಗಿನಲ್ಲಿ, ಮಳೆಗಾಲಕ್ಕೆ ಒರತೆ ಏಳುವ ಕಡೆಯೂ ಕಷ್ಟ. ನಮ್ಮ ಭಾವನ ಮನೆಯಲ್ಲಿ ಜುಲೈ ತಿಂಗಳಲ್ಲಿ ಅಡಿಯ ನೀರು ನುಗ್ಗಿ, ಅರೆಖಾಲಿ ಹೊಂಡದ ನಡುವೆ ಶೀಟು ಗುಡ್ಡದಂತೆ ಉಬ್ಬಿ ನಿಂತಿತ್ತು, ಒಂದು ಜಾಯಿಂಟೂ ಬಿಟ್ಟಿತು. ಕೊನೆಗೆ ಶೀಟು ತೆಗೆಸಿ, ತಳದಲ್ಲಿ ಜಲ್ಲಿ ತುಂಬಿದ ಬಸಿಗಾಲುವೆ ಮಾಡಿಸಿ, ಮತ್ತೆ ಹಾಸಿಸಿದರು. ಅಂಥ ಜಾಗದವರು ಶೀಟಿನ ರೇಟು ವಿಚಾರಿಸುವ ಮೊದಲು ಬಸಿಗಾಲುವೆಯ ಖರ್ಚು ಲೆಕ್ಕ ಹಾಕಿಕೊಳ್ಳಿ.